ಕೀಬೋರ್ಡೂ ಬೇಕು, ಜಾಯ್‌ಸ್ಟಿಕ್ಕೂ ಬೇಕು: ಮಡಚುವ ಗೇಮಿಂಗ್ ಮೆಷಿನ್ ತಗೊಳ್ಳಲಾ?

ಕುಂದವಾಡ ಕೆರೆ ದಂಡೆ

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಬೆಂಗಳೂರಲ್ಲಿ, ಮನೆ ದಾವಣಗೆರೆಯಲ್ಲಿ. ಶುಕ್ರವಾರ ರಾತ್ರಿ ರೈಲು ಹತ್ತಿದರೆ ಭಾನುವಾರ ಸಂಜೆ ವಾಪಸ್. ಬೆನ್ನಿಗೆ ಒಂದೇ ಬ್ಯಾಗು. ಅದರಲ್ಲಿ ಎರಡೂವರೆ ಕೆಜಿಯ ಗೇಮಿಂಗ್ ಲ್ಯಾಪ್‌ಟಾಪು, ಇಟ್ಟಿಗೆಯಷ್ಟು ದಪ್ಪದ ಚಾರ್ಜರು, ಮೇಲೊಂದು ಕಂಟ್ರೋಲರು. ಸ್ಟೇಷನ್ನಿಂದ ಮನೆಗೆ ಬಂದು ಬ್ಯಾಗ್ ಇಳಿಸಿದರೆ ಹೆಗಲ ಮೇಲೆ ಪಟ್ಟಿಯ ಗೆರೆ ಕೆಂಪಗೆ ಮೂಡಿರುತ್ತದೆ.

ಈಗ ಕಣ್ಣು ಬಿದ್ದಿರುವುದು ಮಡಚುವ ಪುಟ್ಟ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಮೇಲೆ. ಕೀಬೋರ್ಡ್ ಪಕ್ಕದಲ್ಲೇ ಜಾಯ್‌ಸ್ಟಿಕ್ ಇರುತ್ತವಲ್ಲ, ಅವು. ಬೆಂಗಳೂರಲ್ಲಿ ಒಬ್ಬರು ಜಿಪಿಡಿ ಕಂಪನಿಯ ವಿನ್ ಮ್ಯಾಕ್ಸ್ 2 ಸೆಕೆಂಡ್ ಹ್ಯಾಂಡ್ ಕೊಡುತ್ತಿದ್ದಾರೆ. 58,000 ಕೇಳುತ್ತಿದ್ದಾರೆ.

ನನಗೆ ಬೇಕಾಗಿರುವುದು ಎರಡೇ. ರೈಲಿನಲ್ಲಿ, ಮನೆಯ ಟೆರೇಸ್ ಮೇಲೆ ಆರಾಮಾಗಿ ಆಟ ಆಡಬೇಕು. ಶನಿವಾರ ಅಪ್ಪನ ಅಂಗಡಿಯಲ್ಲಿ ಕೂತು ಟ್ಯಾಲಿಗೆ ವಾರದ ಬಿಲ್ ಹಾಕಬೇಕು. ಎರಡನ್ನೂ ಒಂದೇ ಮೆಷಿನ್ ಮಾಡುತ್ತದಾ? ಬಳಸಿದವರು ಹೇಳಿ. ವಿಡಿಯೋ ರಿವ್ಯೂ ಬೇಕಾದಷ್ಟು ನೋಡಿದ್ದೇನೆ. ಅವರೆಲ್ಲ ಎಸಿ ರೂಮಲ್ಲಿ ಕೂತು ಮಾತಾಡುತ್ತಾರೆ. ನಮ್ಮ ಏಪ್ರಿಲ್ ಬಿಸಿಲು ಅವರಿಗೆ ಗೊತ್ತಿಲ್ಲ.

ಕಲ್ಲಿನ ಕೋಟೆ

ಚಿತ್ರದುರ್ಗದಿಂದ. ನೀವು ಹೇಳಿದ ಮೆಷಿನ್ನೇ ನನ್ನ ಹತ್ತಿರ ಎರಡು ವರ್ಷದಿಂದ ಇದೆ. 2022ರ ಮಾದರಿ, ರೈಜೆನ್ 7 6800ಯು ಚಿಪ್. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮುಚ್ಚಳ ತೆಗೆದರೆ 10.1 ಇಂಚಿನ ಪರದೆ. ಕೀಬೋರ್ಡ್‌ನ ಮೇಲ್ಭಾಗದಲ್ಲಿ, ಎಡಕ್ಕೆ ಒಂದು ಜಾಯ್‌ಸ್ಟಿಕ್ ಮತ್ತು ಬಾಣದ ಗುಂಡಿ, ಬಲಕ್ಕೆ ಇನ್ನೊಂದು ಜಾಯ್‌ಸ್ಟಿಕ್ ಮತ್ತು ಎ, ಬಿ, ಎಕ್ಸ್, ವೈ ಗುಂಡಿಗಳು. ನಡುವೆ ಟಚ್‌ಪ್ಯಾಡ್. ಎರಡೂ ಕಡೆಯ ಗೇಮ್ ಗುಂಡಿಗಳ ಮೇಲೆ ಕೂರುವ ಚಿಕ್ಕ ಮುಚ್ಚಳಗಳಿವೆ. ಮ್ಯಾಗ್ನೆಟ್‌ನವು, ಉಗುರು ಹಾಕಿ ಎತ್ತಿದರೆ ಟಕ್ ಅಂತ ಬಿಡುತ್ತವೆ. ಮುಚ್ಚಿಬಿಟ್ಟರೆ ಆಫೀಸ್ ಮೀಟಿಂಗ್‌ನಲ್ಲಿ ಇದು ಗೇಮ್ ಮೆಷಿನ್ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕಳೆದರೆ ಮತ್ತೆ ಸಿಗುವುದು ಕಷ್ಟ. ನಾನು ತೆಗೆದ ಕೂಡಲೇ ಕನ್ನಡಕದ ಡಬ್ಬಿಗೆ ಹಾಕುತ್ತೇನೆ.

ಮೊದಲು ತೂಕದ ಮಾತು. ಇದು ಸುಮಾರು ಒಂದು ಕೆಜಿ. ಕೀಬೋರ್ಡ್ ಇಲ್ಲದ, ಕೈಯಲ್ಲಿ ಹಿಡಿದೇ ಆಡುವ ಮೆಷಿನ್‌ಗಳಲ್ಲಿ ಸ್ಟೀಮ್ ಡೆಕ್‌ನ ಮೊದಲ ಮಾದರಿ 669 ಗ್ರಾಂ, ಆಸುಸ್ ರಾಗ್ ಅಲೈ 608 ಗ್ರಾಂ. ಕಾಗದದ ಮೇಲೆ ವ್ಯತ್ಯಾಸ ಕಡಿಮೆ ಅನ್ನಿಸುತ್ತದೆ. ಕೈಯಲ್ಲಿ ಎತ್ತಿ ಹಿಡಿದು ನೋಡಿ, 20 ನಿಮಿಷಕ್ಕೆ ಹೆಬ್ಬೆರಳ ಬುಡ ನೋಯಲು ಶುರುವಾಗುತ್ತದೆ. ಹಾಗಾಗಿ ಇದು ಕೈಯಲ್ಲಿ ಆಡುವ ಮೆಷಿನ್ ಅಲ್ಲ, ತೊಡೆಯ ಮೇಲೆ ಇಟ್ಟು ಆಡುವ ಮೆಷಿನ್. ರೈಲಿನ ಸೀಟಿನಲ್ಲಿ ಕೂತು ಬ್ಯಾಗನ್ನು ತೊಡೆ ಮೇಲಿಟ್ಟುಕೊಳ್ಳಿ, ಅದರ ಮೇಲೆ ಇದನ್ನಿಡಿ. ಆಗ ಇದರಷ್ಟು ಸುಖ ಯಾವುದೂ ಇಲ್ಲ.

ಎರಡನೆಯದು ವ್ಯಾಟ್. ಇದನ್ನು ಅರ್ಥ ಮಾಡಿಕೊಂಡರೆ ಈ ಮೆಷಿನ್ ನಿಮ್ಮದಾಯಿತು ಅಂತಲೇ ಲೆಕ್ಕ. ಬ್ಯಾಟರಿ 67 ವ್ಯಾಟ್ ಅವರ್. ಚಿಪ್‌ನ ಮಿತಿ 25 ವ್ಯಾಟ್‌ಗೆ ಇಟ್ಟರೆ ಪರದೆ, ಫ್ಯಾನು, ಎಸ್‌ಎಸ್‌ಡಿ ಎಲ್ಲ ಸೇರಿ ನನ್ನದರಲ್ಲಿ 35ರ ಮೇಲೆ ತೋರಿಸುತ್ತದೆ. ಎರಡು ಗಂಟೆಯೂ ಬರುವುದಿಲ್ಲ. 15ಕ್ಕೆ ಇಳಿಸಿದರೆ ಒಟ್ಟು 24ರ ಆಸುಪಾಸು, ಎರಡೂ ಮುಕ್ಕಾಲು ಗಂಟೆ. 10ಕ್ಕೆ ಇಳಿಸಿ ಹಗುರ ಆಟ ಆಡಿದರೆ ನಾಲ್ಕು ಗಂಟೆಯ ಹತ್ತಿರ. 15ರಿಂದ 25ಕ್ಕೆ ಏರಿಸಿದರೆ ಆಟ ಅದೇ ಪ್ರಮಾಣದಲ್ಲಿ ಏನೂ ಚುರುಕಾಗುವುದಿಲ್ಲ. ಜಾಸ್ತಿಯಾಗುವುದು ಶಾಖ ಮತ್ತು ಫ್ಯಾನ್ ಸದ್ದು. ನಾನು ಎರಡು ವರ್ಷದಲ್ಲಿ ಮುಕ್ಕಾಲು ಪಾಲು 15ರಲ್ಲೇ ಆಡಿದ್ದೇನೆ.

ಇನ್ನೊಂದು ವಿಷಯ ರಿವ್ಯೂಗಳಲ್ಲಿ ಸರಿಯಾಗಿ ಹೇಳುವುದಿಲ್ಲ. ಪರದೆಯ ರೆಸಲ್ಯೂಷನ್, ಅಂದರೆ ಅಡ್ಡ ಮತ್ತು ಉದ್ದಕ್ಕೆ ಇರುವ ಚುಕ್ಕೆಗಳ ಲೆಕ್ಕ, 2560×1600. ಅಷ್ಟನ್ನೂ ತುಂಬಿಸಲು ಈ ಚಿಪ್ಪಿನೊಳಗಿನ ರೇಡಿಯಾನ್ 680ಎಂ ಗ್ರಾಫಿಕ್ಸ್‌ಗೆ ಶಕ್ತಿ ಸಾಲದು. ಆದರೆ ಆಟವನ್ನು 1280×800ಕ್ಕೆ ಇಟ್ಟರೆ ಅದು ಸರಿಯಾಗಿ ಕಾಲು ಭಾಗ. ಡ್ರೈವರ್ ಸೆಟ್ಟಿಂಗ್‌ನಲ್ಲಿ ಇಂಟೀಜರ್ ಸ್ಕೇಲಿಂಗ್ ಆನ್ ಮಾಡಿ. ಆಟದ ಒಂದು ಚುಕ್ಕೆ ಪರದೆಯ ನಾಲ್ಕು ಚುಕ್ಕೆ ಮೇಲೆ ಅಚ್ಚುಕಟ್ಟಾಗಿ ಕೂರುತ್ತದೆ, ಮಸುಕಾಗುವುದಿಲ್ಲ. ಪರದೆ 60 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 60 ಸಲ ಚಿತ್ರ (ಫ್ರೇಮ್) ಬದಲಿಸುತ್ತದೆ. ಆದ್ದರಿಂದ ಫ್ರೇಮ್ ಮಿತಿಯನ್ನು 60ಕ್ಕೆ ಇಡಿ ಅಥವಾ 30ಕ್ಕೆ ಇಡಿ. 45, 50 ಅಂತ ಬಿಟ್ಟರೆ ಫ್ರೇಮ್‌ಗಳು ಪರದೆಯ ತಾಳಕ್ಕೆ ಕೂರುವುದಿಲ್ಲ, ಕಣ್ಣಿಗೆ ಕುಲುಕಿದ ಹಾಗಾಗುತ್ತದೆ.

ಮಂಡಕ್ಕಿ ಮಿರ್ಚಿ

ನನ್ನದು ಬೇರೆ ಅಭಿಪ್ರಾಯ, ಬೇಜಾರಾಗಬೇಡಿ. 58,000 ಕೊಟ್ಟು ಸೆಕೆಂಡ್ ಹ್ಯಾಂಡ್, ವಾರಂಟಿ ಇಲ್ಲದ, ಹೊರದೇಶದಿಂದ ಬಂದ ಮೆಷಿನ್ ಯಾಕೆ? ಅದೇ ದುಡ್ಡಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ 15 ಇಂಚಿನ ಲ್ಯಾಪ್‌ಟಾಪ್ ಹೊಸದೇ ಸಿಗುತ್ತದೆ. ಗ್ರಾಫಿಕ್ಸ್‌ಗೆ ಅದರದೇ ಮೆಮೊರಿ ಇರುತ್ತದೆ. ಇವುಗಳಲ್ಲಿ ಹಾಗಲ್ಲ. 16 ಜಿಬಿ ರ‍್ಯಾಮ್‌ನಲ್ಲೇ ಗ್ರಾಫಿಕ್ಸ್ 3-4 ಜಿಬಿ ಕಿತ್ತುಕೊಳ್ಳುತ್ತದೆ. ಬೋರ್ಡ್‌ಗೆ ಬೆಸುಗೆ ಹಾಕಿದ ರ‍್ಯಾಮ್, ಮುಂದೆ ಹೆಚ್ಚಿಸಲೂ ಆಗುವುದಿಲ್ಲ.

ಮನೆ ದಾವಣಗೆರೆಯಲ್ಲಿ ಅಂತೀರಿ. ಒಂದು ಗುಂಡಿ ಕಿತ್ತುಹೋದರೆ ಎಲ್ಲಿಗೆ ಒಯ್ಯುತ್ತೀರಿ? ಗೊತ್ತಿರುವ ಬ್ರ್ಯಾಂಡಾದರೆ ಸರ್ವಿಸ್ ಸೆಂಟರ್ ಅಂತ ಒಂದು ಬಾಗಿಲು ಇರುತ್ತದೆ.

ಕಲ್ಲಿನ ಕೋಟೆ

ನೀವು ಹೇಳಿದ್ದು ಪೂರ್ತಿ ಸರಿ. ಮೇಜಿನ ಮೇಲೆ ಇಟ್ಟು ಆಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಇವರ ಹೆಗಲ ಗೆರೆ ನೆನಪಿಸಿಕೊಳ್ಳಿ. 15 ಇಂಚಿನದನ್ನು ರೈಲಲ್ಲಿ ಬಿಚ್ಚಿದರೆ ಮುಂದಿನ ಸೀಟಿನವರು ಒರಗಿದಾಗ ಪರದೆ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾಟರಿಯಲ್ಲಿ ಆಟ ಆಡಿದರೆ ಆ ಗ್ರಾಫಿಕ್ಸ್ ಕಾರ್ಡು ಅರ್ಧ ಶಕ್ತಿಗೆ ಇಳಿದುಬಿಡುತ್ತದೆ.

ರ‍್ಯಾಮ್ ಮಾತಿಗೆ: ಮಾರುವವರ ಹತ್ತಿರ 16 ಜಿಬಿಯದಾ 32 ಜಿಬಿಯದಾ ಕೇಳಿ. 16ರದಾದರೆ ಬೆಲೆ ಇಳಿಸಲೇಬೇಕು. ಸ್ಟೋರೇಜ್‌ಗೆ ಮಾತ್ರ ಚಿಂತೆ ಇಲ್ಲ. ಒಳಗೆ ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಜಾಗ ಇವೆ, ಒಂದು 2280, ಇನ್ನೊಂದು ಗಿಡ್ಡದ್ದು, 2230.

2016ರಲ್ಲಿ ಇದೇ ಕಂಪನಿಯ ಮೊದಲ ವಿನ್ ಬಂದಾಗ 5.5 ಇಂಚಿನ ಪರದೆ, ಇಂಟೆಲ್ ಆಟಮ್ ಚಿಪ್, 4 ಜಿಬಿ ರ‍್ಯಾಮ್. ಜನರಿಂದ ಮುಂಗಡ ದುಡ್ಡು ಎತ್ತಿ ಮಾಡಿದ್ದು. ಆವತ್ತು ಅದರ ಫೋಟೋ ನೋಡಿ ನಿದ್ದೆ ಬಂದಿರಲಿಲ್ಲ ನನಗೆ. ಅಲ್ಲಿಂದ ಇಲ್ಲಿಗೆ ಬಂದಿರುವ ದೂರ ನೋಡಿದರೆ ಇವತ್ತಿಗೂ ಖುಷಿಯಾಗುತ್ತದೆ.

ಹಳೇ ಪಿ.ಬಿ. ರೋಡ್ ರಿಪೇರಿ

ದಾವಣಗೆರೆಯಲ್ಲಿ ಲ್ಯಾಪ್‌ಟಾಪ್, ಮೊಬೈಲ್ ರಿಪೇರಿ ಮಾಡುತ್ತೇನೆ. ಈ ಥರದ ಮೆಷಿನ್ ನನ್ನ ಟೇಬಲ್‌ಗೆ ಬಂದಿರುವುದು ಕಡಿಮೆ, ಆದರೆ ಬಂದವುಗಳಿಂದ ಕಲಿತದ್ದು ತುಂಬ. ಯಾವ ಬ್ರ್ಯಾಂಡ್ ಅಂತ ಹೇಳುವುದಿಲ್ಲ, ಯಾಕಂದ್ರೆ ತಪ್ಪು ಬ್ರ್ಯಾಂಡಿನದಲ್ಲ, ಬಳಸಿದ ರೀತಿಯದು.

ಮೊನ್ನೆ ಬೇಸಿಗೆಯಲ್ಲಿ ಒಬ್ಬ ಹುಡುಗ ತಂದ. "ಟಚ್‌ಪ್ಯಾಡ್ ಒತ್ತಲು ಆಗುತ್ತಿಲ್ಲ" ಅಂದ. ಮೇಜಿನ ಮೇಲೆ ಇಟ್ಟರೆ ನಾಲ್ಕು ಕಾಲೂ ಊರುತ್ತಿಲ್ಲ, ತೊಟ್ಟಿಲ ಹಾಗೆ ತೂಗುತ್ತಿತ್ತು. ನನಗೆ ಆಗಲೇ ಗೊತ್ತಾಯಿತು. ಹಿಂದಿನ ಸ್ಕ್ರೂ ಒಂದೊಂದೇ ಬಿಚ್ಚಿದೆ. ಕೊನೆಯದು ಸಡಿಲವಾದ ಕೂಡಲೇ ಮುಚ್ಚಳ ತಾನಾಗೇ ಮೇಲೆದ್ದಿತು. ಒಳಗೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಹಗಲೂ ರಾತ್ರಿ ಚಾರ್ಜರ್‌ಗೆ ಹಾಕಿ, 100ರಲ್ಲೇ ನಿಲ್ಲಿಸಿ, ಶೀಟ್ ಮನೆಯ ಕೋಣೆಯಲ್ಲಿ ಆಡಿದ್ದಾನೆ. ಲಿಥಿಯಂ ಬ್ಯಾಟರಿಗೆ ಪೂರ್ತಿ ಚಾರ್ಜು ಮತ್ತು ಬಿಸಿ ಎರಡೂ ಒಟ್ಟಿಗೆ ಸಿಕ್ಕರೆ ಒಳಗೆ ಗ್ಯಾಸ್ ಕಟ್ಟುತ್ತದೆ. ಅದನ್ನು ಚುಚ್ಚಿದರೆ ಬೆಂಕಿ. ದಯವಿಟ್ಟು ಯಾರೂ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೀಳಬೇಡಿ.

ಮನೆಯಲ್ಲಿ ಪ್ಲಗ್ ಹಾಕಿಯೇ ಆಡುವವರು ಚಾರ್ಜ್ ಮಿತಿ 80ಕ್ಕೆ ಇಡಿ. ಸೆಟ್ಟಿಂಗ್ ಇದ್ದರೆ ಬಳಸಿ, ಇಲ್ಲದಿದ್ದರೆ ನಿಮ್ಮ ಕೈಯಿಂದಲೇ ತೆಗೆಯಿರಿ.

ಶಾಖದ ಬಗ್ಗೆ. 6800ಯು ಥರದ ಚಿಪ್ 95 ಡಿಗ್ರಿ ಮುಟ್ಟಿದರೆ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಕೋಣೆಯೇ 38 ಡಿಗ್ರಿ ಇದ್ದರೆ ಫ್ಯಾನ್ ಎಳೆಯುವುದೂ ಬಿಸಿ ಗಾಳಿಯನ್ನೇ. ಮೇಲಿನವರು 15 ವ್ಯಾಟ್ ಅಂದಿದ್ದು ಬ್ಯಾಟರಿಗೆ ಮಾತ್ರ ಅಲ್ಲ, ನಮ್ಮೂರಿನ ಬೇಸಿಗೆಗೂ ಸರಿ. ಹಾಸಿಗೆ, ದಿಂಬಿನ ಮೇಲೆ ಇಟ್ಟು ಆಡಬೇಡಿ, ಗಾಳಿ ಎಳೆಯುವ ಕಿಂಡಿ ಅಡಿಯಲ್ಲೇ ಇರುತ್ತದೆ. ಬ್ಯಾಗಿನ ಮೇಲೆ ಇಡುವವರೂ ಅಷ್ಟೇ. ಮಧ್ಯೆ ಒಂದು ರಟ್ಟು ಇಟ್ಟುಕೊಳ್ಳಿ.

ಇನ್ನು ಜಾಯ್‌ಸ್ಟಿಕ್. ಮುಟ್ಟದಿದ್ದರೂ ಪಾತ್ರ ತಾನಾಗೇ ಒಂದು ಕಡೆ ನಡೆಯುತ್ತದಲ್ಲ, ಡ್ರಿಫ್ಟ್ ಅನ್ನುತ್ತಾರೆ. ಹಳೆ ಥರದ ಸ್ಟಿಕ್‌ನ ಒಳಗೆ ಕಾರ್ಬನ್ ಪಟ್ಟಿ ಇರುತ್ತದೆ, ಅದರ ಮೇಲೆ ಒಂದು ಲೋಹದ ನಾಲಿಗೆ ಉಜ್ಜಿಕೊಂಡು ಓಡಾಡುತ್ತದೆ. ಹಳೆ ರೇಡಿಯೋದ ವಾಲ್ಯೂಮ್ ತಿರುಗಣಿ ಕರಕರ ಅನ್ನುತ್ತಿತ್ತಲ್ವಾ, ಅದೇ ಸವಕಳಿ ಇದೂ. ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಮ್ಯಾಗ್ನೆಟ್ ಮತ್ತು ಸೆನ್ಸರ್, ಒಂದಕ್ಕೊಂದು ತಾಗುವುದೇ ಇಲ್ಲ. ಸವೆಯುವ ಜಾಗವೇ ಇಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಮೊದಲು ನೋಡಬೇಕಾದದ್ದು ಇದು. ಸ್ಟಿಕ್ ಪರೀಕ್ಷೆ ಮಾಡುವ ಪುಟ ಬ್ರೌಸರ್‌ನಲ್ಲೇ ಸಿಗುತ್ತದೆ. ಸ್ಟಿಕ್ ತಿರುಗಿಸಿ ಬಿಡಿ, ಚುಕ್ಕೆ ನಡುವಿಗೆ ಬಂದು ನಿಲ್ಲಬೇಕು. ಹತ್ತು ಸಲ ಮಾಡಿ, ಹತ್ತೂ ಸಲ ನಿಲ್ಲಬೇಕು.

ಜೋಗಿಮಟ್ಟಿ ಗಾಳಿ

ಕೀಬೋರ್ಡ್ ಬೇಕೇ ಬೇಕಾ ಅಂತ ಇನ್ನೊಮ್ಮೆ ಯೋಚಿಸಿ. ನಾನು ಸ್ಟೀಮ್ ಡೆಕ್ ಬಳಸುತ್ತೇನೆ. 2022ರಲ್ಲಿ ವಾಲ್ವ್ ಕಂಪನಿ ಅದನ್ನು ಮಾರುಕಟ್ಟೆಗೆ ಬಿಟ್ಟಾಗ ಮಾರುವ ದೇಶಗಳಲ್ಲಿ ಭಾರತ ಇರಲಿಲ್ಲ, ದುಬೈಯಿಂದ ಬಂದ ನೆಂಟರ ಕೈಲಿ ತರಿಸಿದೆ. ಬ್ಯಾಟರಿ 40 ವ್ಯಾಟ್ ಅವರ್ ಅಷ್ಟೇ. 2023ರ ನವೆಂಬರ್‌ನಲ್ಲಿ ಬಂದ ಓಲೆಡ್ ಮಾದರಿಯಲ್ಲಿ ಅದನ್ನು 50 ಮಾಡಿದರು.

ಇದರ ದೊಡ್ಡ ಸುಖ ಅಂದರೆ ನಿಲ್ಲಿಸುವುದು. ಆಟದ ನಡುವೆ ಪವರ್ ಗುಂಡಿ ಒತ್ತುತ್ತೇನೆ, ಮಲಗುತ್ತದೆ. ಮರುದಿನ ಒತ್ತಿದರೆ ಅದೇ ಕ್ಷಣದಿಂದ ಶುರು. ಅಮ್ಮ ಊಟಕ್ಕೆ ಕರೆದರೆ "ಐದು ನಿಮಿಷ" ಅನ್ನುವ ಕೆಲಸವೇ ಇಲ್ಲ. ವಿಂಡೋಸ್ ಮೆಷಿನ್‌ಗಳು ಸ್ಲೀಪ್‌ನಲ್ಲಿದ್ದಾಗಲೂ ಬ್ಯಾಗಿನೊಳಗೆ ಎದ್ದು ಬಿಸಿಯಾಗುವುದನ್ನು ನೋಡಿದ್ದೇನೆ. ವಿಂಡೋಸ್ ತಗೊಂಡರೆ ಸ್ಲೀಪ್ ಬದಲು ಹೈಬರ್ನೇಟ್ ಇಟ್ಟುಕೊಳ್ಳಿ.

ಆದರೆ ಇದರಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ವಿಂಡೋಸ್ ಆಟಗಳನ್ನು ಪ್ರೋಟಾನ್ ಎಂಬ ಪದರದ ಮೂಲಕ ಓಡಿಸುತ್ತದೆ. ಒಬ್ಬರೇ ಆಡುವ ಆಟಗಳು ಬಹುಪಾಲು ಓಡುತ್ತವೆ. ಮೋಸ ತಡೆಯುವ ಸಾಫ್ಟ್‌ವೇರ್ ಇರುವ ಆನ್‌ಲೈನ್ ಆಟಗಳಲ್ಲಿ ಪೆಟ್ಟು ಬೀಳುತ್ತದೆ. ವ್ಯಾಲರಂಟ್ ಓಡುವುದಿಲ್ಲ. ಜಿಟಿಎ ಆನ್‌ಲೈನ್ ಇದರಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಏಪೆಕ್ಸ್ ಕೂಡ ಲಿನಕ್ಸ್‌ನವರಿಗೆ ಬಾಗಿಲು ಹಾಕಿತು. ಏಪೆಕ್ಸ್ ನಾನು ದಿನಾ ಆಡುತ್ತಿದ್ದ ಆಟ. ಗೆಳೆಯರ ಗುಂಪು ಅಲ್ಲೇ ಉಳಿಯಿತು, ನಾನೊಬ್ಬ ಹೊರಗೆ ಬಂದೆ. ತುಂಬ ನೋವಾಯಿತು. ನೀವು ಗೆಳೆಯರ ಜೊತೆ ಆಡುವವರಾದರೆ ವಿಂಡೋಸ್ ಮೆಷಿನ್ನೇ ನೋಡಿ. ಟ್ಯಾಲಿಗೂ ಅದೇ ಬೇಕು.

ಸರ್ವಿಸ್ ಬೇಕು ಅನ್ನುವವರಿಗೆ ರಾಗ್ ಅಲೈ ಇದೆ. 2023ರ ಜುಲೈನಲ್ಲಿ 69,990ಕ್ಕೆ ಇಲ್ಲೇ ಅಧಿಕೃತವಾಗಿ ಬಂತು.

ತುಂಗಭದ್ರೆ ತೀರ

ಹರಿಹರದಿಂದ. ನಾನು ಕನ್ನಡ ಮೇಷ್ಟ್ರು, ಆಟ ಆಡುವುದು ರಾತ್ರಿ ಮಾತ್ರ. 8 ಇಂಚಿನ ಮಡಚುವ ಮೆಷಿನ್ ಒಂದು ವರ್ಷ ಇಟ್ಟುಕೊಂಡಿದ್ದೆ, ಆಮೇಲೆ ಕೊಟ್ಟುಬಿಟ್ಟೆ. ಕಾರಣ ಟೈಪಿಂಗ್.

ಪ್ರಶ್ನೆಪತ್ರಿಕೆಯನ್ನು ಕಗಪ ವಿನ್ಯಾಸದಲ್ಲಿ ಟೈಪ್ ಮಾಡುತ್ತೇನೆ. ಒತ್ತಕ್ಷರಕ್ಕೆ ಪ್ರತಿ ಸಲ ಎಫ್ ಕೀ ಒತ್ತಬೇಕು, ಮಹಾಪ್ರಾಣಕ್ಕೆ ಶಿಫ್ಟ್ ಹಿಡಿಯಬೇಕು. ಇಂಗ್ಲಿಷಿಗಿಂತ ಕನ್ನಡಕ್ಕೆ ಬೆರಳ ಕೆಲಸ ಜಾಸ್ತಿ. ಆ ಪುಟ್ಟ ಕೀಬೋರ್ಡ್‌ನಲ್ಲಿ ಶಿಫ್ಟ್ ಕಿರಿದು, ಕಿರುಬೆರಳು ಪಕ್ಕದ ಕೀಗೆ ಹೋಗುತ್ತಿತ್ತು. "ವಿಧ್ಯಾರ್ಥಿ" ಅಂತ ಬರೆದ ಮಕ್ಕಳನ್ನು ತಿದ್ದುವ ನಾನೇ "ವಿದ್ಯಾರ್ತಿ" ಅಂತ ಟೈಪ್ ಮಾಡಿ ಮುದ್ರಣಕ್ಕೆ ಕಳಿಸಿಬಿಟ್ಟಿದ್ದೆ. ಅವತ್ತೇ ನಿರ್ಧಾರ ಮಾಡಿದೆ.

10.1 ಇಂಚಿನದು ಅಗಲ ಜಾಸ್ತಿ, ಅಷ್ಟು ಕಷ್ಟ ಇರಲಿಕ್ಕಿಲ್ಲ. ಆದರೆ ಪರದೆಯ ಲೆಕ್ಕ ನೋಡಿ. 10.1 ಇಂಚಿನಲ್ಲಿ 2560×1600 ಅಂದರೆ ಇಂಚಿಗೆ ಸುಮಾರು 299 ಚುಕ್ಕೆ. ಅಕ್ಷರ ಓದಬೇಕಾದರೆ ವಿಂಡೋಸ್‌ನಲ್ಲಿ ಶೇಕಡಾ 200ಕ್ಕೆ ಹಿಗ್ಗಿಸಬೇಕು. ಹಿಗ್ಗಿಸಿದ ಮೇಲೆ ಕೆಲಸಕ್ಕೆ ಉಳಿಯುವ ಜಾಗ 1280×800ರಷ್ಟೇ. ಟ್ಯಾಲಿಯಲ್ಲಿ, ಎಕ್ಸೆಲ್‌ನಲ್ಲಿ ಎಷ್ಟು ಸಾಲು ಕಾಣುತ್ತವೆ ಅಂತ ಕೂತು ನೋಡಿ ಆಮೇಲೆ ದುಡ್ಡು ಕೊಡಿ. ನಂಬರ್ ಪ್ಯಾಡ್ ಕೂಡ ಇರುವುದಿಲ್ಲ. ಬಿಲ್ ಹಾಕುವವರಿಗೆ ಅದು ಸಣ್ಣ ವಿಷಯ ಅಲ್ಲ.

ಕಲ್ಲಿನ ಕೋಟೆ

ಮೇಷ್ಟ್ರೇ, ಇದನ್ನು ನಾನು ಬರೆಯಬೇಕಿತ್ತು. ಬರೆಯಲಿಲ್ಲ. ನಾನು ಮನೆಯಲ್ಲಿ ಮಾನಿಟರ್‌ಗೆ ಹಾಕಿಕೊಳ್ಳುವುದರಿಂದ ಹೊಳೆಯಲೇ ಇಲ್ಲ.

ಕುಂದವಾಡದವರೇ, ಈ ಭಾನುವಾರ ದುರ್ಗಕ್ಕೆ ಬನ್ನಿ. ದಾವಣಗೆರೆಯಿಂದ ಬಸ್ಸಲ್ಲಿ ಒಂದೂವರೆ ಗಂಟೆ ಅಷ್ಟೇ ಅಲ್ವಾ. ನನ್ನ ಮೆಷಿನ್ನಲ್ಲೇ ನಿಮ್ಮ ಬಿಲ್ ಹಾಕಿ ನೋಡಿ.

ಕುಂದವಾಡ ಕೆರೆ ದಂಡೆ

ಹೋಗಿ ಬಂದೆ. ಪೂರ್ತಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಅಪ್ಪನ ಅಂಗಡಿಯ ಒಂದು ದಿನದ ಬಿಲ್ ಕಟ್ಟು ಒಯ್ದಿದ್ದೆ, 40 ಬಿಲ್. ಮನೆಯ ದೊಡ್ಡ ಕೀಬೋರ್ಡ್‌ನಲ್ಲಿ ಅಷ್ಟಕ್ಕೆ ಅರ್ಧ ಗಂಟೆ. ಇಲ್ಲಿ 50 ನಿಮಿಷ ಹಿಡಿಯಿತು. ಕೀಗಳ ಒತ್ತು ಚೆನ್ನಾಗಿದೆ, ಬೆರಳು ತಪ್ಪಿದ್ದು ಕಡಿಮೆ. ನಿಧಾನವಾಗಿದ್ದು ಅಂಕಿಗಳಿಂದ. ಮೇಲಿನ ಸಾಲಿನ ಅಂಕಿಗೆ ಕೈ ಹೋಗಬೇಕು, ಮತ್ತೆ ಕೆಳಗೆ ಬರಬೇಕು. ಆಮೇಲೆ ಅವರ ಮನೆಯಲ್ಲಿದ್ದ ಚಿಕ್ಕ ಯುಎಸ್‌ಬಿ ನಂಬರ್ ಪ್ಯಾಡ್ ಸಿಕ್ಕಿಸಿ ಹತ್ತು ಬಿಲ್ ಹಾಕಿದೆ. ಹಳೇ ವೇಗವೇ ಬಂತು. ಪರದೆಯಲ್ಲಿ ಸಾಲು ಕಡಿಮೆ ಕಾಣುವುದು ನಿಜ. ಬಿಲ್ ಹಾಕುವಾಗ ತೊಂದರೆ ಆಗಲಿಲ್ಲ, ತಿಂಗಳ ಲೆಕ್ಕ ತಾಳೆ ನೋಡುವಾಗ ಆಗುತ್ತದೆ. ಅದಕ್ಕೆ ಅಂಗಡಿಯ ಹಳೇ ಮಾನಿಟರ್ ಇದೆ.

ಸಂಜೆ ಟೆರೇಸ್ ಮೇಲೆ ಕೂತೆವು. ದೂರಕ್ಕೆ ಕೋಟೆಯ ಬಂಡೆಗಳು, ಇನ್ನೊಂದು ಕಡೆ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿದ್ದವು. ಅವರು ಮುಚ್ಚಳ ಎರಡನ್ನೂ ಕಿತ್ತು ಡಬ್ಬಿಗೆ ಹಾಕಿ, ಮೆಷಿನ್ ನನ್ನ ತೊಡೆ ಮೇಲಿಟ್ಟರು. 15 ವ್ಯಾಟ್, 1280×800, 60 ಫ್ರೇಮ್. ಒಂದು ಗಂಟೆ ಕಾರ್ ರೇಸ್ ಆಡಿದೆ. ಹೆಬ್ಬೆರಳು ಸ್ಟಿಕ್ ಮೇಲೆ, ಅಂಗೈ ಮೆಷಿನ್ನಿನ ಎರಡು ಅಂಚಿಗೆ. ಸ್ಟಿಕ್‌ಗಳು ಪರದೆಯ ಹತ್ತಿರ ಇರುವುದರಿಂದ ಮೊದಲ ಹತ್ತು ನಿಮಿಷ ವಿಚಿತ್ರ ಅನ್ನಿಸಿತು, ಆಮೇಲೆ ಮರೆತೇಹೋಯಿತು. ಅಡಿ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ರಟ್ಟು ಇಟ್ಟುಕೊಂಡಿದ್ದೆ.

ಬುಧವಾರ ಬೆಂಗಳೂರಲ್ಲಿ ಮಾರುವವರ ಮನೆಗೆ ಹೋದೆ. 16 ಜಿಬಿಯದು. ಸ್ಟಿಕ್ ಪರೀಕ್ಷೆ ಹತ್ತು ಸಲ ಮಾಡಿದೆ, ಹತ್ತೂ ಸಲ ನಡುವಿಗೆ ಬಂತು. ವಿಂಡೋಸ್‌ನ ಬ್ಯಾಟರಿ ವರದಿ ತೆಗೆದು ನೋಡಿದರೆ 67 ಇರಬೇಕಾದದ್ದು 59 ಇತ್ತು. ಆ ವರದಿ ತೋರಿಸಿ 51,000ಕ್ಕೆ ಮಾತಾಡಿದೆ. ಒಪ್ಪಿದರು.

ಮಂಡಕ್ಕಿ ಮಿರ್ಚಿಯವರ ಮಾತು ತಲೆಯಲ್ಲಿ ಇತ್ತು. ಅದಕ್ಕೇ ಹಳೇ ಗೇಮಿಂಗ್ ಲ್ಯಾಪ್‌ಟಾಪ್ ಮಾರಿಲ್ಲ. ಬೆಂಗಳೂರಿನ ರೂಮಿನ ಮೇಜಿನ ಮೇಲೆ ಅದು ಇರಲಿ. ಇದು ಕೆಟ್ಟರೆ ಕೆಲಸ ನಿಲ್ಲುವುದಿಲ್ಲ.

ಈಗ ಇದನ್ನು ಟೈಪ್ ಮಾಡುತ್ತಿರುವುದು ಅದರಲ್ಲೇ, ರೈಲಿನಲ್ಲಿ. ತುಮಕೂರು ದಾಟಿತು. ನನ್ನ ಕೋಚ್‌ನಲ್ಲಿ ರಾತ್ರಿ 11ಕ್ಕೆ ಚಾರ್ಜಿಂಗ್ ಪಾಯಿಂಟ್ ಬಂದ್ ಮಾಡುತ್ತಾರೆ, ಅಷ್ಟರೊಳಗೆ ತುಂಬಿಕೊಳ್ಳಬೇಕು. ಒಂದು ಸಮಸ್ಯೆ: ಮಾರಿದವರು ಮೂಲ ಚಾರ್ಜರ್ ಕೊಟ್ಟಿದ್ದಾರೆ, ಕೇಬಲ್ ಕೊಡಲಿಲ್ಲ. ಮೆಜೆಸ್ಟಿಕ್ ಹತ್ತಿರದ ಒಂದು ಅಂಗಡಿಯಲ್ಲಿ 100 ವ್ಯಾಟಿನದು ಅಂತ ಕೊಟ್ಟರು. ಆಟ ಆಡುತ್ತಾ ಚಾರ್ಜ್ ಮಾಡಿದರೆ ಶೇಕಡಾ ಏರುವುದೇ ತುಂಬ ನಿಧಾನ. ಬ್ಯಾಟರಿ ಹಾಳಾಗಿದೆಯಾ?

ಹಳೇ ಪಿ.ಬಿ. ರೋಡ್ ರಿಪೇರಿ

ಬ್ಯಾಟರಿ ಅಲ್ಲ, ಕೇಬಲ್ ಇರಬೇಕು. ಯುಎಸ್‌ಬಿ ಸಿ ಯಲ್ಲಿ 100 ವ್ಯಾಟ್ ಅಂದರೆ 20 ವೋಲ್ಟ್, 5 ಆಂಪಿಯರ್. 5 ಆಂಪಿಯರ್ ಬಿಡಬೇಕಾದರೆ ಕೇಬಲ್‌ನ ತಲೆಯೊಳಗೆ ಗುರುತಿನ ಚಿಪ್ ಇರಬೇಕು. ಅದು ಇಲ್ಲದಿದ್ದರೆ ಚಾರ್ಜರ್ 3 ಆಂಪಿಯರ್‌ಗೇ ನಿಲ್ಲುತ್ತದೆ, 60 ವ್ಯಾಟ್. ಮೇಲಿನ ಕವರಲ್ಲಿ ಏನು ಅಚ್ಚಾಗಿದ್ದರೂ ಅಷ್ಟೇ. ಜೊತೆಗೆ ಕೇಬಲ್ ಒಳಗಿನ ತಂತಿ ಸಣ್ಣದಾದರೆ ಇನ್ನೂ ಕಡಿಮೆ. ಕೇಬಲ್‌ನ ತಲೆ ಬಿಸಿಯಾಗುತ್ತಿದ್ದರೆ ಈಗಲೇ ಕಿತ್ತುಬಿಡಿ, ರಾತ್ರಿ ಹಾಕಿ ಮಲಗಬೇಡಿ.

ನಾಳೆ ಶನಿವಾರ ಅಂಗಡಿ ತೆಗೆದಿರುತ್ತದೆ. ಮೆಷಿನ್, ಚಾರ್ಜರ್, ಆ ಕೇಬಲ್ ಮೂರೂ ತನ್ನಿ. ಮೀಟರ್ ಇದೆ, ಸಿಕ್ಕಿಸಿ ಎಷ್ಟು ವ್ಯಾಟ್ ಹೋಗುತ್ತಿದೆ ಅಂತ ನಿಮ್ಮ ಕಣ್ಣಿಗೇ ತೋರಿಸುತ್ತೇನೆ. 11ರ ಮೇಲೆ ಬನ್ನಿ.